ಅಲ್ಪ

ಕಾಗದದಲ್ಲಿ ಬರೆದಿದೆ:
ಬಜ್ಪೆಯಿಂದ ಮುಂಬಯಿಗೆ ಏಳುನೂರು ಚಿಲ್ಲರೆ ಕಿಲೋಮೀಟರು,
ಗಾಳಿ ಕೈಕೊಡದಿದ್ದರೆ ಒಂದೂವರೆ ತಾಸು.
ಶಂಕರಪುರದಿಂದ ಬಜ್ಪೆಗೆ ಐವತ್ತು ಚಿಲ್ಲರೆ,
ಅದಕ್ಕೂ ಒಂದೂವರೆ ತಾಸು.
ಲೆಕ್ಕದ ಮೇಷ್ಟ್ರು ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು.
ಅವರಿಗೆ ಹೆಜಮಾಡಿಯ ಟೋಲು ಗೊತ್ತಿರಲಿಲ್ಲ,
ಮುಲ್ಕಿ ಸೇತುವೆಯ ಮೇಲೆ ಕೆಟ್ಟು ನಿಂತ ಮೀನಿನ ಲಾರಿ,
ಸುರತ್ಕಲ್ಲಿನ ಹೊಂಡ.

ಮಧ್ಯಾಹ್ನ ಹನ್ನೆರಡಕ್ಕೆ ಮೊಂತಿ ಬಾಯಿ
ಕೊನೆಯ ಚೆಂಡಿಗೆ ಬಾಳೆನಾರು ಬಿಗಿದು
ಎಲೆ ಮಡಿಚಿ ನನ್ನ ವ್ಯಾನಿಗೆ ಕೊಡುತ್ತಾಳೆ.
ಎಂಟುನೂರು ಮೊಗ್ಗಿಗೆ ಒಂದು ಚೆಂಡು,
ನಾಲ್ಕು ಚೆಂಡಿಗೆ ಒಂದು ಅಟ್ಟೆ.
"ಬಾಯಿ ಮುಚ್ಚಿಕೊಂಡೇ ಹೋಗಬೇಕು ಇವು" ಎನ್ನುತ್ತಾಳೆ,
"ದಾರಿಯಲ್ಲಿ ನಕ್ಕರೆ ರೇಟು ಅರ್ಧ."

ಅವಳ ಗಂಡ ಲಾದ್ರು ಮೊದಲ ಸಲ ಮುಂಬಯಿಗೆ ಹೋದದ್ದು ಬಸ್ಸಿನಲ್ಲಿ.
ಎಷ್ಟು ದೂರ ಅಂತ ಕೇಳಿದರೆ
ಎರಡು ರಾತ್ರಿ, ಐದು ವಾಂತಿ ಎನ್ನುತ್ತಿದ್ದನಂತೆ.
ವಾಪಸು ಬರುವಾಗ ಮೂರೇ.
ಊರಿನ ಕಡೆಗೆ ದಾರಿ ಇಳಿಜಾರು ಅಂತ ಅವನ ವಾದ.

ನಾನು ವಿಮಾನ ಹತ್ತಿದವನಲ್ಲ.
ಕೆಂಜಾರಿನ ಗುಡ್ಡದ ತಲೆ ಬೋಳಿಸಿ ಮಾಡಿದ ಬಯಲಿನಿಂದ
ಅದು ಏಳುವುದನ್ನು ಬೇಲಿಯ ಈಚೆ ನಿಂತು ನೋಡುತ್ತೇನೆ,
ಕಡಲ ಕಡೆ ಒಮ್ಮೆ ವಾಲಿ ಬಡಗು ಮುಖ ಮಾಡುವ ತನಕ.
ಆಮೇಲೆ ಚಾ.
ಆಮೇಲೆ ಫೋನು ನೋಡುತ್ತ ಕೂರುವುದು.

ಹನ್ನೊಂದು ವರ್ಷದಿಂದ ದಿನವೂ ಸಂಜೆ
ಮಾಟುಂಗದಿಂದ ಒಂದು ಕರೆ.
ರಸೀದಿಯಲ್ಲಿ, ಪಡೆಯುವವರು: ಯಮುನಾ ಕಾಂಚನ್.
ಹಿಂದೆ ಲೋಕಲ್ ರೈಲಿನ ಸದ್ದು, ಯಾರದೋ ಚೌಕಾಸಿಯ ಮರಾಠಿ,
ನಡುವೆ ಅವಳದು ಒಂದೇ ಮಾತು: "ಬತ್ತ್‌ಂಡ್."
ಬಂತು, ಅಷ್ಟೆ. ಫೋನು ಇಡುತ್ತಾಳೆ.
ನಾನು ವ್ಯಾನು ತಿರುಗಿಸುತ್ತೇನೆ.

ಒಂದು ಮಾತಿನಲ್ಲಿ ಏನು ತಿಳಿಯುತ್ತದೆ ಅನ್ನಬೇಡಿ.
ನೆಗಡಿ ತಿಳಿಯುತ್ತದೆ.
ಚೌತಿಯ ಹಿಂದಿನ ದಿನದ ಗಡಿಬಿಡಿ ತಿಳಿಯುತ್ತದೆ.
ಒಂದು ಇಡೀ ಮಾರ್ಚ್ ತಿಂಗಳು
ಆ ಮಾತು ಯಾರೋ ಹುಡುಗನ ದನಿಯಲ್ಲಿ ಬಂತು;
ಏಪ್ರಿಲಿನಲ್ಲಿ ಮತ್ತೆ ಅವಳೇ, ತಗ್ಗಿದ ದನಿ.
ಏನಾಯಿತು ಎಂದು ಕೇಳಲಿಲ್ಲ.
ಅದಕ್ಕೆ ರಸೀದಿಯಲ್ಲಿ ಜಾಗವಿಲ್ಲ.

ಮೊನ್ನೆ ಜುಲೈಯಲ್ಲಿ ಮೋಡ ಬಂದು ಗುಡ್ಡಕ್ಕೆ ಒರಗಿ ಕೂತಿತು.
ಬರಬೇಕಾದ ವಿಮಾನ ತಲೆಯ ಮೇಲೆ ನಾಲ್ಕು ಸುತ್ತು ಗುಡುಗಿ
ಇಳಿಯಲು ನೆಲ ಕಾಣದೆ ಕಲ್ಲಿಕೋಟೆಗೆ ಹೋಯಿತು.
ಸರಕಿನ ಶೆಡ್ಡಿನಲ್ಲಿ ನನ್ನ ಹದಿನಾರು ಅಟ್ಟೆ.
ಸಂಜೆಯಾಗುತ್ತಲೇ ಮೊದಲು ಒಂದು ಮೂಲೆ ಘಮ್ಮೆಂದಿತು,
ಆಮೇಲೆ ಇಡೀ ಶೆಡ್ಡು.
ತೂಕದ ಹುಡುಗ ಇಸ್ಮಾಯಿಲ್
ತಕ್ಕಡಿ ಬಿಟ್ಟು ಬಂದು ಮೂಗೆತ್ತಿ ನಿಂತ.
ಐವತ್ತು ಸಾವಿರ ಮೊಗ್ಗು
ಹೊರಡದೆಯೇ ಬಾಯಿ ಬಿಟ್ಟವು.

ಫೋನು ಬಂತು, ಹೊತ್ತಿಗೆ ಸರಿಯಾಗಿ.
ಹೂವು ಹೋಗಿಲ್ಲವೆಂದು ಅವಳಿಗೂ ಗೊತ್ತು.
ರೈಲೊಂದು ಪೂರ್ತಿ ದಾಟಿಹೋಗುವ ತನಕ ಇಬ್ಬರೂ ಸುಮ್ಮನಿದ್ದೆವು.
ಆಮೇಲೆ ಕೇಳಿದಳು:
"ಅಲ್ಪ ಬರ್ಸನಾ?"

ಅಲ್ಲಿ ಮಳೆಯಾ, ಎಂದು.
ನಮ್ಮ ತುಳುವಿನಲ್ಲಿ ಅಲ್ಲಿ ಎಂಬುದಕ್ಕೆ ಅಲ್ಪ ಎನ್ನುತ್ತೇವೆ.
ಶಾಲೆಯ ಕನ್ನಡದಲ್ಲಿ ಆ ಮಾತಿಗೆ ಬೇರೆ ಅರ್ಥ ಬರೆಸಿದ್ದರು,
ಬಾಯಿಪಾಠ ಇತ್ತು ನನಗೆ.

ಹೌದು ಎನ್ನಲು ಬಾಯಿ ಬರಲಿಲ್ಲ.
ಪರಿಮಳ ಸಾಗಿಸುವ ತಂತಿ ಇನ್ನೂ ಬಂದಿಲ್ಲ, ಸದ್ದಾದರೂ ಹೋಗಲಿ ಎಂದು
ಫೋನನ್ನು ತಗಡಿನ ಮಾಡಿಗೆ ಎತ್ತಿ ಹಿಡಿದೆ.
ಕೈ ಸೋತು ಇನ್ನೊಂದು ಕೈಗೆ ದಾಟಿಸಿದೆ.
ಆ ಕಡೆ ಅವಳು ಇಡಲಿಲ್ಲ.