ಕಾಲು ಕಿಲೋ

ಒಂದೇ ದಿನ ಶುರುಮಾಡಿದೆವು, ನಾನೂ ನಾದಿನಿ ಎತೇರಿಯೂ,
ಈಸ್ಟರ್ ಕಳೆದ ವಾರ,
ಹಿಟ್ಟಿನ ಮೂಟೆ ತೂಗುವ ಕಬ್ಬಿಣದ ತಕ್ಕಡಿ ಹತ್ತಿ,
ಚಪ್ಪಲಿ ಬಿಟ್ಟು, ಏಪ್ರನ್ ಬಿಚ್ಚಿ, ಉಸಿರು ಬಿಗಿಹಿಡಿದು.
ಉಸಿರಿಗೂ ತೂಕವಿದೆಯೆಂದು ಎತೇರಿಯ ನಂಬಿಕೆ.
ಅವಳು ಎಂಬತ್ತೆಂಟು. ನಾನು ಎಂಬತ್ತೊಂಬತ್ತೂ ಕಾಲು.
ಕಾಲು ಬರೆಯಬೇಡವೇ ಅಂದೆ.
ಬರೆದಳು.

ಕುತಾಯಿಸಿಯಲ್ಲಿ ರೊಟ್ಟಿ ಸುಡುವವಳಿಗೆ ರೊಟ್ಟಿ ಬಿಡು ಅನ್ನುವುದು
ಮೀನಿಗೆ ನೀರು ಕಡಿಮೆ ಕುಡಿ ಅಂದ ಹಾಗೆ.
ಬೆಳಗಿನ ನಾಲ್ಕಕ್ಕೇ ತೋನೆಯ ಬಾಯೊಳಗೆ ಸೊಂಟದವರೆಗೆ ಬಗ್ಗಿ
ಕಾದ ಮಣ್ಣಿನ ಗೋಡೆಗೆ ಶೋಟಿ ಬಡಿಯುತ್ತೇನೆ,
ದಿನಕ್ಕೆ ಮುನ್ನೂರು. ಅದರಲ್ಲಿ ನನ್ನದು ಒಂದರ ಮೂತಿ:
ಮೂವತ್ತು ಗ್ರಾಂ, ಎಪ್ಪತ್ತೆಂಟು ಕ್ಯಾಲರಿ,
ಕಾರ್ಬೊಹೈಡ್ರೇಟು ಹದಿನೈದು.
ಮೊಣಕೈಯ ಸುಟ್ಟ ಕಲೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅವಳ ಮಗನ ಚೌಕುಳಿ ನೋಟುಬುಕ್ಕು,
ಎಡಪುಟ ಅವಳಿಗೆ, ಬಲಪುಟ ನನಗೆ.
ಒಂದೇ ಮಡಕೆಯ ಹುರುಳಿ, ಒಂದೇ ಸೌಟು,
ಅಕ್ರೋಟು ಎಣಿಸಿ ಆರು ಹೋಳು,
ಸುಲುಗುನಿ ಚೀಸು ಬೆಂಕಿಪೊಟ್ಟಣದಷ್ಟು.
ರಾತ್ರಿ, ಎರಡು ಮನೆ ಹಂಚಿಕೊಂಡ ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟುತ್ತಿದ್ದೆವು:
ತಿಂದೆಯಾ? ಇಲ್ಲ. ನೀನು? ಇಲ್ಲ.

ಜುಲೈ ಹೊತ್ತಿಗೆ ಎತೇರಿ ಒಂಬತ್ತು ಕಿಲೋ ಇಳಿದಳು.
ಮದುವೆಯುಂಗುರ ಜಾರಿ ಕಣಕಕ್ಕೆ ಬಿತ್ತು;
ಮಾರನೆಯ ದಿನ ಟೈರು ಅಂಗಡಿಯ ವಾಲಿಕೋ
ಒಂದು ಕೈಯಲ್ಲಿ ಉಂಗುರ, ಇನ್ನೊಂದರಲ್ಲಿ ಹಲ್ಲು ಹಿಡಿದು ಬಂದ.
ನಾನು? ಒಂದು ಕಿಲೋ ನಾನೂರು.
ಅದೂ ಜಡೆ ಕತ್ತರಿಸಿಕೊಂಡ ವಾರ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ.
ಬೆಣ್ಣೆಗಾದರೆ ಚಮಚಕ್ಕಿಷ್ಟು ಅಂತ ಕ್ಯಾಲರಿ ಉಂಟು, ಸುಣ್ಣಕ್ಕೆ ಸೊನ್ನೆ.
ಹಾಗಾದರೆ ದೇವರೇ,
ಸುಣ್ಣ ಹಾಕಿಸಿಕೊಂಡವಳು ಹೇಗೆ ದಪ್ಪ?

ಎತೇರಿ ಬಾಯಿಬಿಟ್ಟು ಏನೂ ಅನ್ನಲಿಲ್ಲ.
ಆದರೆ ಒಂದು ಸಂಜೆ ಅವಳು ತಟ್ಟೆಯ ರೊಟ್ಟಿ ಎಣಿಸುವುದನ್ನು
ಮೂಟೆಗಳ ಹಿಂದಿನಿಂದ ಕಂಡೆ.
ತುಟಿ ಅಲುಗುತ್ತಿತ್ತು. ಮುನ್ನೂರೇ ಇದ್ದವು.
ಆ ರಾತ್ರಿ ಗೋಡೆ ಕುಟ್ಟಿದಾಗ ನಾನು ಉತ್ತರಿಸಲಿಲ್ಲ.

ಡಾಕ್ಟರು ಹುಡುಗ, ದ್ರಾಕ್ಷಿಬಳ್ಳಿಗೆ ಕೊಟ್ಟ ಊರುಗೋಲಿನಷ್ಟೇ ದಪ್ಪ.
ಲೆಕ್ಕ ಸರಿಯಿದೆಯಮ್ಮ, ಅಂದ,
ಖರ್ಚು ಮಾಡುವ ಕೈ ಮೈಯಿಂದ ಮೈಗೆ ಬೇರೆ; ನಿಮ್ಮದು ಜಿಪುಣ.
ಚಿಕ್ಕಂದಿನಲ್ಲಿ ಹಸಿವು ಕಂಡಿದ್ದೀರಾ?
ಕಂಡಿದ್ದೆ. ತೊಂಬತ್ತಮೂರರ ಚಳಿ, ಕರೆಂಟಿಲ್ಲ,
ರಾತ್ರಿಯಿಡೀ ರೊಟ್ಟಿಯ ಸಾಲು, ಅಂಗೈಮೇಲೆ ಶಾಯಿಯಲ್ಲಿ ಬರೆದ ನಂಬರು.
ಆದರೆ ಅದೇ ಸಾಲಿನಲ್ಲಿ ಎತೇರಿಯೂ ನಿಂತಿದ್ದಳು,
ನನ್ನ ಬೆನ್ನ ಹಿಂದೆಯೇ, ನನ್ನ ಕೋಟಿನೊಳಗೆ ಕೈಯಿಟ್ಟು.
ಅದನ್ನೂ ಹೇಳಿದೆ. ಹುಡುಗ ಪೆನ್ನಿನ ಮುಚ್ಚಳ ಹಾಕಿದ.

ಒಂದೇ ಮೂಟೆಯ ಹಿಟ್ಟು, ಒಂದೇ ಉಪ್ಪು, ಒಂದೇ ಹುಳಿ.
ಕಿಟಕಿಯ ಬಳಿಯ ದೋಣಿ ಉಬ್ಬಿ ಬಟ್ಟೆ ತಳ್ಳುತ್ತದೆ,
ಬಾಗಿಲ ಬಳಿಯದು ಮುದುರಿ ಕೂರುತ್ತದೆ.
ಮೂವತ್ತು ವರ್ಷ ಇಬ್ಬರೂ ನೋಡಿದ್ದೇವೆ;
ಕಣಕವನ್ನು ಯಾರೂ, ಕದ್ದು ತಿಂದೆಯಾ, ಎಂದು ಕೇಳಿಲ್ಲ.

ಅಕ್ಟೋಬರಿನ ಇವತ್ತು ತಕ್ಕಡಿ ಹತ್ತಿದಳು ಎತೇರಿ.
ಮುಳ್ಳು ತುಯ್ದಾಡಿ ನಿಂತಿತು, ಕಳೆದ ವಾರಕ್ಕಿಂತ ಒಂದಿಷ್ಟು ಆಚೆ.
ನನ್ನ ಕಡೆ ನೋಡದೆ ಮೆಲ್ಲಗೆ ಅಂದಳು:
ಕಾಲು ಬರೆಯಬೇಡವೇ ಲಮಾರಾ.
ನಾನು ಕಿವಿಯ ಮೇಲಿದ್ದ ಪೆನ್ಸಿಲನ್ನು
ಜೇಬಲ್ಲಿ, ಮೇಜಿನಡಿ, ಹಿಟ್ಟಿನಲ್ಲಿ ಹುಡುಕುತ್ತಲೇ ಇದ್ದೆ,
ತೋನೆಯಲ್ಲಿ ಯಾವುದೋ ರೊಟ್ಟಿ ಸೀದ ವಾಸನೆ ಬರುವ ತನಕ.