ಕಿರುಬೆರಳು

ಡೊಂಬಿವಲಿ ಸ್ಟೇಶನ್ನಿನ ಹೊರಗೆ, ಝೆರಾಕ್ಸ್ ಅಂಗಡಿಯಲ್ಲಿ,
ಹುಡುಗ ಅಜ್ಜಿಯ ಮದುವೆಯನ್ನು ಗಾಜಿನ ಮೇಲೆ ಬೋರಲು ಮಲಗಿಸಿದ.
ಹಸಿರು ಬೆಳಕೊಂದು ಅವಳ ಮೈಮೇಲೆ ಹರಿದು ಹೋಯಿತು
ತಲೆಯಿಂದ ಕಾಲಿನವರೆಗೆ, ಒಮ್ಮೆ.

ರಟ್ಟಿನ ಮೂಲೆಯಲ್ಲಿ ಉಬ್ಬಚ್ಚು: ಮೋಹಿನಿ ಸ್ಟುಡಿಯೋ, ಠಾಕುರದ್ವಾರ.
ಹಿಂದಿನ ಪರದೆಯಲ್ಲಿ ಯಾವುದೋ ಅರಮನೆಯ ಮೆಟ್ಟಿಲು,
ಮೂರನೆಯದರ ಹತ್ತಿರ ಬಟ್ಟೆ ಸುಕ್ಕುಗಟ್ಟಿದೆ.
ಕಾಗದದ ಗುಲಾಬಿ. ಎರವಲು ಕೋಟು.
ಸೇಸಿ ಕುಳಿತಿದ್ದಾಳೆ, ಐತಪ್ಪ ನಿಂತಿದ್ದಾನೆ,
ಎಡಗೈ ಕುರ್ಚಿಯ ಬೆನ್ನ ಮೇಲೆ.

ಅವಳ ತುಟಿಯಂಚಿನಲ್ಲಿ ನಗು ತಡೆದ ಗುರುತು.
ಅದರ ಕತೆ ನಮಗೆಲ್ಲ ಬಾಯಿಪಾಠ:
'ಫೋಟೋದವ ಉಸಿರು ಹಿಡೀರಿ ಅಂದ,
ಇವರು ಮೆಲ್ಲ ನನ್ನ ಕಾಲು ತುಳಿದರು.'
ಬಂಗುಡೆ ಕೊಯ್ಯುತ್ತ ಹೇಳುವಳು, ಕತ್ತಿ ನಿಲ್ಲಿಸಿ,
ಎಂಬತ್ತು ದಾಟಿದ ಮೇಲೂ ಸೆರಗು ಬಾಯಿಗಿಟ್ಟು.

ಹುಡುಗ ದೊಡ್ಡದು ಮಾಡಿದ. ಇನ್ನೂ ದೊಡ್ಡದು.
ಪರದೆ ತುಂಬ ಕೈ.
ಒಂದು, ಎರಡು, ಮೂರು, ನಾಲ್ಕು,
ಕಿರುಬೆರಳೂ ಇದೆ. ಉಗುರು ಸಮೇತ.

ಐತಪ್ಪ ಕುಂದರನ ಎಡ ಕಿರುಬೆರಳು
ಮದುವೆಗೆ ಎರಡು ಮಳೆಗಾಲ ಮೊದಲೇ
ಭಾವುಚಾ ಧಕ್ಕಾದ ಹಗ್ಗಕ್ಕೆ ಹೋಗಿತ್ತು.
ನನಗೆ ಲೆಕ್ಕ ಕಲಿಸಿದ್ದೇ ಆ ಮೋಟಿನಿಂದ,
'ಒಂಬತ್ತೂವರೆ' ಎಂದು ಎಣಿಕೆ ಮುಗಿಸಿ.

ಕತ್ತಿನ ಹತ್ತಿರ ಬ್ಲೇಡು ಆಡಿದೆ, ಎಂದ ಹುಡುಗ ಮರಾಠಿಯಲ್ಲಿ,
ಮುಂಡ ಬೇರೆ, ತಲೆ ಬೇರೆ.

ಬಸರಾದ ಹಾದಿಯ ಹಡಗಿನಲ್ಲಿದ್ದನೇ ಅಜ್ಜ ಆ ದಿನ?
ಖೋಲಿ ಕೊಡುವ ಮೊದಲು ಚಾಳಿನ ಮಾಲೀಕ
ಗಂಡನ ಗುರುತು ಕೇಳಿದನೇ?
ಕರವಸ್ತ್ರದಲ್ಲಿ ಅವನ ತಲೆ ಕಟ್ಟಿಕೊಂಡು
ಒಬ್ಬಳೇ ಬಂದಳೇ ಟ್ರಾಮಿನಲ್ಲಿ?
ಕೋಟಿನೊಳಗೆ ನಿಂತವನು
ಪರದೆ ಎಳೆಯುವವನೋ, ದೀಪ ಹಿಡಿಯುವವನೋ,
ಕುರ್ಚಿಯನ್ನು ಹಿಡಿದದ್ದಂತೂ
ಪರರ ಮನೆಯ ಗಾಜಿನ ಲೋಟ ಹಿಡಿದ ಹಾಗೆ.

ಅಜ್ಜನಿಗೆ ಗೊತ್ತಿರಲೇಬೇಕು. ತನ್ನದೇ ಬೆರಳಲ್ಲವೇ.
ನಲವತ್ತು ವರ್ಷ ಆ ಚಿತ್ರದ ಕೆಳಗೇ ಉಂಡ,
ಕತೆ ಬಂದಾಗಲೆಲ್ಲ
ತಟ್ಟೆಯಲ್ಲಿ ಮುಳ್ಳು ಹುಡುಕುತ್ತಿದ್ದ.

ಕಲೆ ತೆಗೆಯುತ್ತೇನೆ, ಕತ್ತು ಕೂಡಿಸುತ್ತೇನೆ,
ಬೇಕಿದ್ದರೆ ಬೆರಳೂ ಅಳಿಸುತ್ತೇನೆ, ಎಂದ ಹುಡುಗ,
ಎಲ್ಲ ಸೇರಿ ಮುನ್ನೂರು, ಲ್ಯಾಮಿನೇಶನ್ ಬೇರೆ.

ಬೇಡ, ಕೆಳಗೆ ಇಳಿಸು, ಎಂದೆ. ಇನ್ನೂ ಕೆಳಗೆ.

ಗೆದ್ದಲು ತಿಂದ ಅಂಚಿನ ಹತ್ತಿರ
ಸೀರೆಯ ನಿರಿಗೆ ನೆಲಕ್ಕೆ ಸುರಿದಿತ್ತು,
ನಿರಿಗೆಯ ಒಳಗೆ, ಅರ್ಧ,
ಪಾಲಿಶ್ ಇಲ್ಲದ ಒಂದು ಬೂಟಿನ ತುದಿ.