ಸ್ವಂತ ವಾಕ್ಯದಲ್ಲಿ ಬಳಸಿ

ಬಾಣಾವರದ ಹೈಸ್ಕೂಲು, ಎಂಟನೇ ಬಿ,
ಊಟದ ಬೆಲ್ಲಿಗೆ ಮುಂಚಿನ ಪಿರಿಯಡ್ಡು.
ಸಾರಿನ ಒಗ್ಗರಣೆ ಕಿಟಕಿ ದಾಟಿ ಬಂದು
ಮೊದಲ ಬೆಂಚಿನಲ್ಲಿ ಕೂತಿತ್ತು.
ಬೋರ್ಡಿನ ಮೇಲೆ ಬರೆದೆ: ಐ ಆ್ಯಮ್ ಹಂಗ್ರಿ.
ಕರಿಬಸವ ಎದ್ದು ನಿಂತ:
‘ಮಿಸ್, ನನಗೆ ಹಸಿವಾಗುತ್ತೆ, ಸರಿ.
ನಾನೇ ಹಸಿವಾಗೋದು ಹೆಂಗೆ?’

ಏನು ಹೇಳಲಿ.
ನಮ್ಮಲ್ಲಿ ಹಸಿವು, ಸಿಟ್ಟು, ನಾಚಿಕೆ, ನಿದ್ದೆ
ಬರುತ್ತವೆ ನೆಂಟರ ಹಾಗೆ,
ಚಾಪೆ ಹಾಸಿ ಕೂರಿಸಿ
ಹೊತ್ತು ನೋಡಿ ಕಳಿಸಬಹುದು.
ಅಲ್ಲಿ ಮನುಷ್ಯನೇ ಅದಾಗಿಬಿಡುತ್ತಾನೆ.
‘ಪರೀಕ್ಷೆಗೆ ಹಿಂಗೇ ಬರಿ’ ಅಂದೆ.
ಬರೆದುಕೊಂಡ. ಅಡಿಗೆರೆ ಎಳೆದ.
ಹೊರಗೆ ಗೂಡ್ಸ್ ಗಾಡಿ ಹೊರಟಿತ್ತು;
ಅದರ ಕೊನೇ ಡಬ್ಬಿ ದಾಟುವ ತನಕ
ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ.

ನನ್ನ ಡ್ರಾಯರಿನಲ್ಲಿ ಒಂದು ಕಟ್ಟು ರಜಾ ಚೀಟಿ.
ಕಲಿಸಿರುವುದು ಒಂದೇ ಪತ್ರ, ಅದರಲ್ಲಿ ಒಂದೇ ಕಾಯಿಲೆ:
ಸಫರಿಂಗ್ ಫ್ರಮ್ ಫೀವರ್.
ರಾಗಿ ಕುಯ್ಲಿಗೆ ಹೋದವನಿಗೂ ಜ್ವರ,
ಅಕ್ಕನ ಮದುವೆಯಲ್ಲಿ ಕುಣಿದವಳಿಗೂ ಜ್ವರ,
ಎಮ್ಮೆ ಈದ ದಿನ ಚಿದಾನಂದನಿಗೆ
ನೂರಾ ಮೂರು ಡಿಗ್ರಿ ಇದ್ದಿರಬೇಕು,
ಪತ್ರದ ಮೂಲೆಯಲ್ಲಿ ಗಿಣ್ಣಿನ ಜಿಡ್ಡು.
ಸ್ಪೆಲಿಂಗ್ ತಿದ್ದಿ ಸಹಿ ಹಾಕಿದ್ದೇನೆ, ಎಲ್ಲದಕ್ಕೂ.

ದೀಪಾವಳಿ ಕಳೆದು ಹೋದ ದೇವ್ಲಿಬಾಯಿ
ಶಿವರಾತ್ರಿ ಕಳೆದು ಬಂದಳು. ಚೀಟಿ ಇಲ್ಲ.
ಆಲ್ದೂರಿನ ಕಡೆ ಕಾಫಿ ಹಣ್ಣು ಬಿಡಿಸಲು
ಅರ್ಧ ತಾಂಡಾ ಲಾರಿ ಹತ್ತಿತ್ತು.
ಉಗುರಿನ ಸಂದಿಯಲ್ಲಿ ಇನ್ನೂ ಆ ಕಪ್ಪು.
ಮನೆಯಲ್ಲಿ ಲಂಬಾಣಿ, ಅಂಗಡಿಯಲ್ಲಿ ಕನ್ನಡ,
ನನ್ನೆದುರು ಮೌನ:
ಅವಳಿಗೆ ಬರುವುದು ಈ ಮೂರೇ ಭಾಷೆ
ಅಂದುಕೊಂಡಿದ್ದೆ.

ಅವತ್ತಿನ ಪದಗಳು ನಾಲ್ಕು.
ಲೈನ್ ಅಂದರೆ ಗೆರೆ. ರೈಟರ್ ಅಂದರೆ ಲೇಖಕ.
ಅಡ್ವಾನ್ಸ್, ಮುಂದೆ ಸಾಗು. ಫೈನ್, ಸೊಗಸಾದ.
ಸ್ವಂತ ವಾಕ್ಯದಲ್ಲಿ ಬಳಸಿ.
ತಬಸ್ಸುಮ್ ಸ್ಕೇಲಿಟ್ಟು ಗೆರೆ ಎಳೆದಳು, ವಾಕ್ಯದಲ್ಲಿ.
ಉಳಿದವರು ಅವಳ ಗೆರೆಯನ್ನೇ ಎಳೆದರು.
ಮೂವತ್ತೊಂದು ಪುಸ್ತಕದಲ್ಲಿ ಹವಾಮಾನ ಫೈನ್ ಆಗಿತ್ತು.

ಮೂವತ್ತೆರಡನೆಯದು ದೇವ್ಲಿಬಾಯಿಯದು.
ಅಕ್ಷರ ಸೊಟ್ಟ, ಉಚ್ಚರಿಸಿದಂತೆ ಸ್ಪೆಲಿಂಗು,
ಕನ್ನಡಕ್ಕೆ ತಂದರೆ ಹೀಗೆ:
ಲೈನಿನಲ್ಲಿ ನಾವು ಹದಿಮೂರು ಜನ ಮಲಗುತ್ತೇವೆ.
ಅಪ್ಪ ಅಡ್ವಾನ್ಸ್ ತಗೊಂಡ, ಅದಕ್ಕೇ ಹೋಗುವ ಹಾಗಿಲ್ಲ.
ಹಸಿರು ಕಾಯಿ ಕಿತ್ತರೆ ಫೈನ್.
ಇನ್ನೊಂದನ್ನು ಕನ್ನಡಕ್ಕೆ ತರಲಾರೆ,
ಅವಳು ಬರೆದಂತೆಯೇ ಇರಲಿ:
ರೈಟರ್ ರೈಟ್ ಲೆಸ್.

ಕೆಂಪು ಪೆನ್ನಿನ ಮುಚ್ಚಳ ತೆಗೆದೆ.
ಏಕವಚನ, ಪ್ರಥಮ ಪುರುಷ, ವರ್ತಮಾನ ಕಾಲ:
ಕ್ರಿಯಾಪದಕ್ಕೆ ಒಂದು ಎಸ್ ಸೇರಬೇಕು.
ದಿನಾ ಎರಡು ಕಿಲೊ ಕಡಿಮೆ ಬರೆದವನಿಗೆ
ನಾನು ಒಂದಕ್ಷರ ಜಾಸ್ತಿ ಕೊಡಬೇಕು.
ಮುಂಚೆ ಒಂದು ‘ದ’ ಬೇಕು, ಯಾವ ರೈಟರ್ ಅಂತ ಗೊತ್ತಿರುವುದರಿಂದ.
ಅವಳಿಗೆ ಗೊತ್ತು.
ಶಾಯಿ ಹಾಳೆಗೆ ಇಳಿದು ಸಣ್ಣ ಚುಕ್ಕೆಯಾಯಿತು.
ಪೂರ್ಣವಿರಾಮವೆಂದು ತಿಳಿದಾಳು.

‘ಹಾಜರಿಗೆ ಚೀಟಿ ಬೇಕಲ್ಲ ಕಣೇ’ ಅಂದೆ,
ಬೇರೇನಾದರೂ ಅನ್ನಬೇಕಿತ್ತು.
ಅಷ್ಟರಲ್ಲಿ ಬೆಲ್ಲು.
ತಟ್ಟೆಗಳು ಬ್ಯಾಗಿನಿಂದ ಹಾರಿ ಬಂದವು,
ಜಗಲಿಯುದ್ದಕ್ಕೂ ಲೈನು, ತಳ್ಳಾಟ, ನಗು.
ಕರಿಬಸವ ಕೂಗುತ್ತಿದ್ದ, ‘ಐ ಆ್ಯಮ್ ಹಸಿವು, ಐ ಆ್ಯಮ್ ಹಸಿವು.’

ಬಾಗಿಲ ತನಕ ಹೋದವಳು
ತಟ್ಟೆ ಎದೆಗವಚಿ ಹಿಂದಿರುಗಿ ಬಂದಳು:
‘ಮಿಸ್, ಎಷ್ಟು ದಿನದ ಜ್ವರ ಅಂತ ಬರೀಲಿ?’

ಹಾಜರಿ ಪುಸ್ತಕ ತೆರೆದು
ನಾನು ಎಣಿಸತೊಡಗಿದೆ.